ಚುಷ್ಕಿಯೊಳಗಿನ ನಾಲ್ಕು ಮತ್ತು ಆರು

ಮೆಣಸಿನಕಾಯಿಯ ಕೆಂಪು ಸಿಪ್ಪೆ ಕರಕಲಾಗುವ ವಾಸನೆ ಬಂದರೆ ದೋನ್ಕಾರಿಗೆ ಈಗಲೂ ಅಜ್ಜಿಯ ಅಂಗಳ ಕಣ್ಮುಂದೆ ಬರುತ್ತದೆ. ಬಲ್ಗೇರಿಯಾದ ಪ್ಲೋವ್ದಿವ್ ಸಮೀಪ, ಸುಟ್ಟ ಮೆಣಸಿನಕಾಯಿಯನ್ನು ಭರಣಿಗೆ ತುಂಬಿ ಮಾರುವ ಈ ಪುಟ್ಟ ಕಾರ್ಖಾನೆಯಲ್ಲಿ ಆ ವಾಸನೆ ಬೆಳಗಿನ ಐದಕ್ಕೇ ಏಳುತ್ತದೆ. ಇಪ್ಪತ್ತಾರು ವರ್ಷ ಒಲೆಯ ಮುಂದೆ ನಿಂತು ಕಾಯಿ ಸುಟ್ಟ ಐವತ್ತೆಂಟರ ದೋನ್ಕಾ ಈಗ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ದಿನಕ್ಕೆ ನೂರೆಂಬತ್ತು ಆರ್ಡರ್. ಇಂದಿನಿಂದ ಅವನ್ನೆಲ್ಲ ಹೊಸ ತಂತ್ರಾಂಶವೇ ಓದಬೇಕು.

ಕಳೆದ ವಾರದ ಪರೀಕ್ಷೆಯಲ್ಲಿ ಅದು ಮುಗ್ಗರಿಸಿತ್ತು. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಬಲ್ಗೇರಿಯನ್ ಬರೆಯುವವರು ‘ಚ’ ಬೇಕಾದಲ್ಲಿ 4, ‘ಷ’ ಬೇಕಾದಲ್ಲಿ 6 ಒತ್ತುತ್ತಾರೆ. ಅವರ ಭಾಷೆಯಲ್ಲಿ ನಾಲ್ಕೆಂದರೆ ‘ಚೆತಿರಿ’, ಆರೆಂದರೆ ‘ಷೆಸ್ತ್’. ಹೀಗೆ ಚುಷ್ಕಿ, ಅಂದರೆ ಮೆಣಸಿನಕಾಯಿ, ‘4u6ki’ ಆಗುತ್ತದೆ. ಹಳೆಯ ಗಿರಾಕಿ ವೆಲಿಕಾ ಅಜ್ಜಿ ಕೇಳಿದ್ದು ಮೂರು ಭರಣಿ: ‘4u6ki 3’. ಯಂತ್ರ ಅಂಕಿಗಳನ್ನಷ್ಟೇ ಜೋಡಿಸಿ ಓದಿಕೊಂಡದ್ದು ನಾನೂರ ಅರವತ್ತಮೂರು!

“ಏನ್ ಚಿಕ್ಕಮ್ಮ, ಅಜ್ಜಿ ಮತ್ತೆ ಮದುವೆ ಆಗ್ತಿದ್ದಾಳಾ?” ಎಂದು ಮಾಲೀಕ ಲ್ಯುಬೆನ್ ನಕ್ಕಿದ್ದ. ಆಮೇಲೆ ಖಡಾಖಂಡಿತವಾಗಿ ಹೇಳಿದ್ದ: ಸೋಮವಾರವೂ ಹೀಗಾದರೆ ಮೆಸೇಜಿನ ಆರ್ಡರ್ ಬಂದ್, ಬೇಕಾದವರು ವೆಬ್‌ಸೈಟಿಗೆ ಬರಲಿ.

“ಬರ್ತಾರಾ? ಮುನ್ನೂರು ಜನ ಮುದುಕ ಮುದುಕಿಯರು ಕೈತಪ್ಪಿ ಹೋಗ್ತಾರೆ,” ಎನ್ನುತ್ತಾರೆ ದೋನ್ಕಾ. ಗಿರಾಕಿಗಳ ಪಟ್ಟಿಯಲ್ಲಿ ವೆಲಿಕಾಳ ಹೆಸರಿನ ಪಕ್ಕದಲ್ಲಿ ಅವರು ಬರೆದಿಟ್ಟಿದ್ದಾರೆ: ‘ಕಿವಿ ಮಂದ, ಬಾಗಿಲು ಜೋರಾಗಿ ತಟ್ಟಿ.’

ವಾರವಿಡೀ ಹಳೆಯ ಮೆಸೇಜುಗಳನ್ನು ಜಾಲಾಡಿ, ಜನ ಬರೆಯುವ ಇನ್ನೂರ ಹನ್ನೆರಡು ಬಗೆಯ ಕಾಗುಣಿತವನ್ನು ಒಂದೊಂದಾಗಿ ತಂತ್ರಾಂಶಕ್ಕೆ ತುಂಬಿದ್ದಾರೆ. ಇಂದು ಸೋಮವಾರ.

ಐದೂವರೆಗೆ ಫೋನು ಗುಂಯ್ಗುಟ್ಟುತ್ತದೆ. ವೆಲಿಕಾಳದ್ದೇ! ಈ ಸಲ ಬೇಕಿರುವುದು ನಾಲ್ಕು ಭರಣಿ: ‘4u6ki 4’. ಒಲೆಯವರೂ ಬಂದು ಬೆನ್ನ ಹಿಂದೆ ನಿಲ್ಲುತ್ತಾರೆ. ಪರದೆಯ ಮೇಲೆ ಮೂಡುತ್ತದೆ: ಚುಷ್ಕಿ, ನಾಲ್ಕು ಭರಣಿ.

“ಓದ್ತು! ಲ್ಯುಬೆನ್, ಓದ್ತು ಕಣೋ!”

“ಒಂದು ಸಲ ಓದಿದ್ರೆ ಸಾಕಾ?”

“ನಿನಗೆ ಓದು ಬರೋಕೆ ಎಷ್ಟು ವರ್ಷ ಬೇಕಾಯ್ತು, ನನಗೆ ಗೊತ್ತಿಲ್ವಾ?”

ಎಲ್ಲರೂ ಗೊಳ್ಳೆನ್ನುತ್ತಾರೆ. ಎಂಟು ಗಂಟೆಯೊಳಗೆ ಅರವತ್ತೊಂದು ಮೆಸೇಜು, ಒಂದೂ ತಪ್ಪಿಲ್ಲ.

“ಇದರಿಂದ ನನಗೆ ಹೆಸರು ಗಿಸರು ಬರೋದು ಬೇಡಪ್ಪಾ. ಅವರು ಹೇಗೆ ಬರೀತಾರೋ ಹಾಗೇ ಬರೀಲಿ, ಅರ್ಥ ಮಾಡ್ಕೊಳ್ಳೋ ಕಷ್ಟ ನಮಗಿರಲಿ,” ಎನ್ನುವ ದೋನ್ಕಾರ ಕಣ್ಣು ಇನ್ನೂ ಪರದೆ ಬಿಟ್ಟಿಲ್ಲ.

“ಸರಿ, ಮೆಸೇಜಿನ ಆರ್ಡರ್ ಇರ್ಲಿ,” ಎನ್ನುತ್ತಾನೆ ಲ್ಯುಬೆನ್. ಹೆಂಡತಿ ತನಗೆಂದು ಕಟ್ಟಿಕೊಟ್ಟ ಹುರುಳಿಕಾಯಿ ಬೀಜದ ಸಾರು, ರೊಟ್ಟಿಯ ಬುತ್ತಿಯನ್ನು ದೋನ್ಕಾರ ಕೈಗಿತ್ತು, ವೆಲಿಕಾಳ ಪೆಟ್ಟಿಗೆಯನ್ನು ತಾನೇ ಹೊತ್ತು ವ್ಯಾನಿನತ್ತ ನಡೆಯುತ್ತಾನೆ.