ಸ್ಟೆಪ್ನಿ ಹೂತಿಟ್ಟ ಸಂಜೆ

ಗಾಡಿ ಹೂತಿದ್ದು ಕೆಸರಿನಿಂದಲ್ಲ. ಓಡಿಸುವವನು ಕೆಳಗಿಳಿದು ನಾಲ್ಕು ಹೆಜ್ಜೆ ನಡೆದು ನೋಡಲಿಲ್ಲ, ಅದರಿಂದ.

ಇದು ನನ್ನ ತೀರ್ಪು. ಮಗ ಕೊಟ್ರೇಶ ಒಪ್ಪುವುದಿಲ್ಲ. ‘ಗಾಲಿಗೆ ಗಾಳಿ ಜಾಸ್ತಿ ಆಗಿತ್ತವ್ವ’ ಅನ್ನುತ್ತಾನೆ. ಗಾಳಿ ಜಾಸ್ತಿ ಆಗಿದ್ದು ನಿಜ. ಗಾಲಿಗೋ ತಲೆಗೋ ಅನ್ನುವುದಷ್ಟೇ ನಮ್ಮಿಬ್ಬರ ಜಗಳ.

ಮೊದಲಿಂದ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಒಂದು ಹಳೆಯ ಪಿಕಪ್ ಗಾಡಿ ಇದೆ. ನಾಲ್ಕೂ ಗಾಲಿ ಎಳೆಯುವಂಥದ್ದು. ಕುರಿ ಹಿಂಡಿನ ಹಿಂದೆ ಹೋಗಲಿಕ್ಕೆಂದೇ ತಂದದ್ದು. ದೊಡ್ಡ ಮಗ ಮೈಲಪ್ಪ, ಅವನ ಹೆಂಡತಿ ಹಾಲಮ್ಮ, ಇಬ್ಬರೂ ಹಿಂಡು ಹೊಡೆದುಕೊಂಡು ಊರಿಂದ ಊರಿಗೆ ತಿರುಗುತ್ತಾರೆ. ಕುರಿ ನಡೆಯುತ್ತದೆ. ನಿನ್ನೆ ಹುಟ್ಟಿದ ಮರಿ ನಡೆಯುತ್ತದೆಯೇ? ಅದಕ್ಕೆ ಗಾಡಿ. ಮರಿ, ರಾತ್ರಿ ಕುರಿ ಸುತ್ತ ಕಟ್ಟುವ ಬಲೆ, ಗೂಟ, ಬಿಂದಿಗೆ, ರೊಟ್ಟಿ ಬುಟ್ಟಿ, ಎಲ್ಲಾ ಅದರಲ್ಲೇ.

ಗಾಡಿ ನನ್ನ ಹೆಸರಿನಲ್ಲಿದೆ. ಇಬ್ಬರು ಮಕ್ಕಳಲ್ಲಿ ಯಾರ ಹೆಸರಿಗೆ ಮಾಡಿಸಿದ್ದರೂ ಇನ್ನೊಬ್ಬನ ಹೆಂಡತಿ ನನ್ನ ಜೊತೆ ಮಾತು ಬಿಡುತ್ತಿದ್ದಳು. (ಬಿಟ್ಟಿದ್ದರೆ ಒಳ್ಳೆಯದೇ ಆಗುತ್ತಿತ್ತು ಅಂತ ಈಗೀಗ ಅನಿಸುತ್ತದೆ.)

ಕಳೆದ ಮಳೆಗಾಲದಲ್ಲಿ ಗಾಡಿ ಕೆಟ್ಟು ನಿಂತಿತು. ಚಿಕ್ಕ ಮಗ ಕೊಟ್ರೇಶನಿಗೆ ಹಗರಿಬೊಮ್ಮನಹಳ್ಳಿಯಲ್ಲಿ ವೆಲ್ಡಿಂಗ್ ಶಾಪು ಇದೆ. ‘ರಿಪೇರಿ ಮಾಡಿ ಕೊಡ್ತೀನವ್ವ’ ಅಂತ ಎಳೆದುಕೊಂಡು ಹೋದ. ಗಾಡಿ ತಿರುಗಿ ಮನೆ ಮುಂದೆ ಬಂದು ನಿಂತಾಗ ನನಗೆ ಗುರುತು ಸಿಗಲಿಲ್ಲ. ಯಾರೋ ರಿಗ್ಗಿನವರು ಬೋರು ಕೊರೆಯಲಿಕ್ಕೆ ಬಂದಿದ್ದಾರೆ ಅಂದುಕೊಂಡೆ.

ಅಷ್ಟು ಎತ್ತರ! ಗಾಲಿ ನನ್ನ ಸೊಂಟದ ಮಟ್ಟಕ್ಕೆ. ಮುಂದುಗಡೆ ಕಬ್ಬಿಣದ ದಪ್ಪ ಬಂಪರು, ಅದರಲ್ಲಿ ಹಗ್ಗ ಸುತ್ತಿದ ಒಂದು ಯಂತ್ರ. ಗಾಡಿ ಎಲ್ಲಾದರೂ ಸಿಕ್ಕಿಕೊಂಡರೆ ಹಗ್ಗ ಬಿಚ್ಚಿ ಮರಕ್ಕೆ ಕಟ್ಟುವುದು, ಯಂತ್ರ ಹಗ್ಗ ಸುತ್ತಿಕೊಳ್ಳುತ್ತದೆ, ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಅದರ ಹೆಸರು ವಿಂಚು. ಪಕ್ಕದಲ್ಲಿ ಮೇಲಕ್ಕೆ ಹೋದ ಕರಿ ಪೈಪು, ನೀರಿಗಿಳಿದರೂ ಇಂಜಿನ್ನು ಉಸಿರಾಡಲಿಕ್ಕೆ. ಅದು ಸ್ನಾರ್ಕೆಲ್. (ಇಂಗ್ಲಿಷ್ ಹೆಸರುಗಳನ್ನು ಮೊಮ್ಮಗಳು ಹೇಳಿಕೊಟ್ಟಿದ್ದು. ಬೈಗುಳ ನನ್ನವೇ.)

ಹಿಂದೆ ಮರಿಗಳು ಕೂರುತ್ತಿದ್ದ ಜಾಗದಲ್ಲಿ ಎಳೆದರೆ ಹೊರಬರುವ ಉದ್ದನೆಯ ಖಾನೆ. ಅದರೊಳಗೆ ಗ್ಯಾಸ್ ಒಲೆ, ಉಪ್ಪು ಖಾರದ ಡಬ್ಬಿ. ಎಲ್ಲದಕ್ಕಿಂತ ಮೇಲೆ, ಟಾಪಿನ ಮೇಲೆ, ಮಡಚಿಟ್ಟ ಒಂದು ಟೆಂಟು. ಹತ್ತಲಿಕ್ಕೆ ಏಣಿ.

‘ಇದರಾಗ ಮರಿ ಎಲ್ಲಿ ಕೂಡ್ತಾವೋ?’ ಅಂದೆ.

‘ಮರಿ ಗಾಡಿ ಅಲ್ಲವ್ವ ಇದು ಇನ್ನ. ಆಫ್‌ರೋಡ್ ಗಾಡಿ. ಪ್ಯಾಟಿ ಮಂದಿನ್ನ ಕರ್ಕೊಂಡು ಕಲ್ಲುಗುಡ್ಡಕ್ಕ ಹೋಗೋದು. ಬಯಲಾಗ ಮಲಗಸೋದು. ಕ್ಯಾಂಪಿಂಗ್.’

‘ಬಯಲಾಗ ಮಲಗಾಕ ಗಾಡಿ ಯಾಕಲೇ? ಮೂವತ್ತು ವರ್ಷ ಮಲಗೀನಿ ನಾನು.’

‘ನೀ ಮಲಗಿದ್ದು ಯಾರು ಫೋಟೊ ತಗದಾರವ್ವ?’

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ?

ಅವತ್ತೇ ಸಂಜೆ ಹಾಲಮ್ಮನ ಫೋನು ಬಂತು. ಹಿಂಡು ಹರಪನಹಳ್ಳಿ ಕಡೆ, ಬಾಗಳಿ ಹತ್ತಿರ ಒಂದು ಹೊಲದಲ್ಲಿತ್ತು. ಕುರಿಗಳು ಈಯಲಿಕ್ಕೆ ಶುರು ಮಾಡಿದ್ದವು.

‘ಅತ್ತಿ, ಗಾಡಿ ಯಾವಾಗ ಬರ್ತೈತಿ? ಬೆನ್ನಿಗೆ ಎರಡು, ಕೈಯಾಗ ಎರಡು ಮರಿ ಹೊತ್ಕೊಂಡು ನಡೀಲಿಕತ್ತೀನಿ. ಐದನೇದು ಹುಟ್ಟಿದ್ರ ಬೆಕ್ಕಿನಂಗ ಬಾಯಾಗ ಕಚ್ಕೊಂಡು ಬರ್ಲೇನು?’

‘ನಿನ್ನ ಮೈದುನ ಗಾಡಿಗೆ ಅಡಿಗಿಮನಿ ಮಾಡ್ಯಾನ’ ಅಂದೆ.

ಅವಳು ಆಮೇಲೆ ಆಡಿದ ಮಾತು ಪತ್ರಿಕೆಯಲ್ಲಿ ಹಾಕುವಂಥದ್ದಲ್ಲ.

ಕೊಟ್ರೇಶನೂ ಪಟ್ಟು ಬಿಡಲಿಲ್ಲ. ಆರು ತಿಂಗಳು ಒಬ್ಬನೇ ಕೂತು ಕೊರೆದು ಬೆಸೆದು ಮಾಡಿದ ಗಾಡಿ. ಮರಿ ಹತ್ತಿಸಿದರೆ ಒಂದೇ ದಿನದಲ್ಲಿ ಉಚ್ಚೆ ವಾಸನೆ, ಯಾವ ಪೇಟೆಯವರು ಕೂರುತ್ತಾರೆ ಅನ್ನುವುದು ಅವನ ವಾದ. ಸುಳ್ಳಲ್ಲ. ಮರಿ ಹೊತ್ತವಳ ಬೆನ್ನೂ ಸುಳ್ಳಲ್ಲ. ಈಗ ಗಾಡಿ ಯಾರಿಗೆ? ಹೇಳಬೇಕಾದವಳು ನಾನು. ಕಾಗದದ ಮೇಲೆ ಮಾಲೀಕಳಾದರೆ ಇದೇ ಸುಖ.

ಹಿಂಡು ಗುರುವಾರ ತಂಬ್ರಹಳ್ಳಿ ಕಡೆಯ ಹಿನ್ನೀರಿಗೆ ಬರುವುದಿತ್ತು. ಬೇಸಿಗೆಯಲ್ಲಿ ಡ್ಯಾಮಿನ ನೀರು ಹಿಂದೆ ಸರಿದ ಮೇಲೆ ಅಲ್ಲಿ ಮೈಲುಗಟ್ಟಲೆ ಹುಲ್ಲು ಏಳುತ್ತದೆ. ಕೊಟ್ರೇಶನಿಗೆ ಹೇಳಿದೆ: ‘ಗುರುವಾರ ನಾವೂ ಅಲ್ಲಿಗೇ ಹೋಗೋಣ. ನಿನ್ನ ಗಾಡಿ ಏನು ಮಾಡ್ತೈತಿ ತೋರಸು. ನೋಡಿ ಹೇಳ್ತೀನಿ.’

ಅವನ ಮುಖ ಅರಳಿತು. ಗಾಡಿ ತೊಳೆದ. ಗಾಡಿಗೆ ಲಿಂಬೆಹಣ್ಣು ಕಟ್ಟಿದ. ನಾನು ಹತ್ತಲಿಕ್ಕೆ ಹೋದೆ, ಕಾಲು ಅರ್ಧಕ್ಕೂ ಎಟಕಲಿಲ್ಲ. ಆರು ತಿಂಗಳು ಕೂತು ಎಲ್ಲಾ ಮಾಡಿದವನು ಮುದುಕಿ ಹತ್ತುವುದು ಹೇಗೆ ಅಂತ ಯೋಚನೆ ಮಾಡಿರಲಿಲ್ಲ. ಮನೆಯೊಳಗಿಂದ ಪ್ಲಾಸ್ಟಿಕ್ ಸ್ಟೂಲು ತರಿಸಿದೆ. ಅದರ ಮೇಲೆ ನಿಂತೆ, ಹಿಂದಿನಿಂದ ಅವನು ಜೋಳದ ಚೀಲ ಎತ್ತಿದ ಹಾಗೆ ಎತ್ತಿದ. ಸ್ಟೂಲೂ ನಮ್ಮ ಜೊತೆ ಬಂತು, ಹಗ್ಗ ಕಟ್ಟಿಸಿಕೊಂಡು.

(ನಮ್ಮ ಕಡೆ ಈಗ ಎಲ್ಲವೂ ಎತ್ತರವೇ. ಬೈಕು ಎತ್ತರ, ಮನೆ ಕಟ್ಟೆ ಎತ್ತರ. ಮೊನ್ನೆ ಕೊಟ್ಟೂರಿನ ಒಂದು ಮದುವೆಯಲ್ಲಿ ಸ್ಟೇಜು ಎಷ್ಟು ಎತ್ತರ ಇತ್ತು ಅಂದರೆ, ನಾನು ಕೆಳಗಿನಿಂದ ಎಸೆದ ಅಕ್ಕಿಕಾಳು ವೀಡಿಯೊದವನ ತಲೆ ಮೇಲೆ ಬಿತ್ತು. ಅವನಿಗೂ ಒಳ್ಳೆಯದಾಗಲಿ.)

ದಾರಿಯ ವಿಷಯದಲ್ಲಿ ಮಾತ್ರ ಗಾಡಿಗೆ ಹೆಸರಿಡುವುದಿಲ್ಲ. ಬೇಕೆಂದೇ ಟಾರು ರಸ್ತೆ ಬಿಟ್ಟು ಗುಡ್ಡದ ಕಲ್ಲುದಾರಿ ಹಿಡಿದ. ಮೊದಲು ಆ ದಾರಿಯಲ್ಲಿ ಹೋದರೆ ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಈ ಸಲ ಬಾಯಲ್ಲೇ ಇತ್ತು.

ಹಿನ್ನೀರಿನ ದಂಡೆಗೆ ಬಂದಾಗ ಊಟದ ಹೊತ್ತು. ಗಟ್ಟಿ ನೆಲದಲ್ಲಿ ನಿಲ್ಲಿಸಿದ. ಖಾನೆ ಎಳೆದು ಚಹಾ ಮಾಡಿದ. ಟೆಂಟು ಬಿಚ್ಚಿದ. ‘ಹತ್ತವ್ವ’ ಅಂದ. ಹತ್ತಿದೆ. ಒಳಗೆ ಮೆತ್ತನೆ ಹಾಸಿಗೆ, ನಾಲ್ಕೂ ಕಡೆ ಸೊಳ್ಳೆ ಜಾಳಿಗೆ, ತಂಪು ಗಾಳಿ. ಒಂದು ತಾಸು ಕಣ್ಣು ಮುಚ್ಚಿದೆ.

ಒಂದು ಮಾತು ಹೇಳಿಬಿಡುತ್ತೇನೆ. ಬಯಲಲ್ಲಿ ಮಲಗುವುದು ಚಂದ, ಚುಕ್ಕಿ ನೋಡುತ್ತಾ ನಿದ್ದೆ ಬರುತ್ತದೆ ಅಂತ ಬರೆಯುವವರಿದ್ದಾರೆ. ಅವರಿಗೆ ಚೇಳು ಕಡಿದಿಲ್ಲ. ನನಗೆ ಎರಡು ಸಲ ಕಡಿದಿದೆ. ಹೋದ ವರ್ಷ ಹಡಗಲಿ ಕಡೆಯ ಹೊಲದಲ್ಲಿ ಹಾಲಮ್ಮನ ಅಂಗಾಲಿಗೆ ಕಡಿಯಿತು, ಮರುದಿನ ಅವಳು ಅದೇ ಕಾಲಿನಲ್ಲಿ ಹಿಂಡಿನ ಹಿಂದೆ ನಡೆದಳು. ನೆಲದಿಂದ ಆಳೆತ್ತರ ಮೇಲೆ, ಚೇಳು ಹತ್ತಲಾರದ ಕಡೆ, ಹೆಂಗಸೊಬ್ಬಳು ಕಾಲು ಚಾಚಿ ಮಲಗಬಹುದು ಅಂತ ನನಗೆ ಆ ಟೆಂಟಿನೊಳಗೇ ಗೊತ್ತಾಗಿದ್ದು.

ಕೆಳಗಿಳಿದಾಗ ಕೊಟ್ರೇಶ ನೀರಿನ ಕಡೆ ನೋಡುತ್ತಾ ನಿಂತಿದ್ದ. ಟೆಂಟು ಮಡಚಿದ.

‘ಅವ್ವ, ಗಾಡಿ ನೀರಿನ ಹಂತೇಲಿ ನಿಲ್ಲಸಿ, ನೀರು ಹಿಂದ ಬರೋಹಂಗ ಒಂದು ಫೋಟೊ ತಗೀಬೇಕು. ಪ್ಯಾಟಿ ಮಂದಿ ಫೋಟೊ ನೋಡೇ ಬರೋದು.’

‘ಮೊದಲು ನಡ್ಕೊಂಡು ಹೋಗಿ ನೆಲ ನೋಡು.’

‘ನಾಲ್ಕೂ ಗಾಲಿ ಎಳೀತಾವವ್ವ.’

‘ಗಾಲಿ ಎಳೀತಾವು, ನೆಲ ಹೊರ್ತೈತೇನು? ಇಳಿದು ನೋಡಲೇ.’

ಅಷ್ಟರಲ್ಲಿ ಅವನು ನನ್ನನ್ನೂ ಎತ್ತಿ ಕೂರಿಸಿ ತಾನೂ ಹತ್ತಿ ಕೂತಿದ್ದ. ಹೊಟ್ಟೆ ಬಂದಿದೆ, ಹತ್ತುವಾಗ ಅವನೂ ಏದುಸಿರು ಬಿಡುತ್ತಾನೆ. ‘ಇಳಿದ್ರ ಮತ್ತ ಹತ್ತಬೇಕಲ್ಲವ್ವ’ ಅಂದ.

ಕೇಳಿದಿರಾ? ಎಲ್ಲಿ ಬೇಕಾದರೂ ಹೋಗಲಿ ಅಂತ ಗಾಡಿ ಎತ್ತರ ಮಾಡಿದ. ಎತ್ತರ ಆಯಿತು ಅಂತ ಕೆಳಗಿಳಿಯುವುದು ಬಿಟ್ಟ.

ಹಿನ್ನೀರಿನ ನೆಲಕ್ಕೆ ಒಂದು ಲೆಕ್ಕ ಇದೆ. ಬಿರುಕು ಬಿಟ್ಟ ನೆಲವನ್ನು ನಂಬಬೇಕು, ನುಣ್ಣಗಿರುವ ನೆಲವನ್ನು ನಂಬಬಾರದು. ಬಿರುಕು ಬಿಟ್ಟದ್ದು ಆಳದವರೆಗೂ ಒಣಗಿರುತ್ತದೆ. ನುಣ್ಣಗಿರುವುದು ಮೇಲೆ ಹಪ್ಪಳ, ಕೆಳಗೆ ಅಂಬಲಿ. ನೀರಿನ ಹತ್ತಿರ ಹೋಗಿ, ಮುಖ ದಂಡೆಯ ಕಡೆ ಬರುವ ಹಾಗೆ ಗಾಡಿ ತಿರುಗಿಸಿದ ನೋಡಿ, ಹಪ್ಪಳ ಮುರಿಯಿತು. ಹಿಂದಿನ ಎರಡು ಗಾಲಿ ಅಂಬಲಿಗೆ ಇಳಿದವು. ಅವನು ಇಂಜಿನ್ನು ಏರಿಸಿದಷ್ಟೂ ಗಾಡಿ ಎಮ್ಮೆಯ ಹಾಗೆ ಕೆಸರಿನಲ್ಲಿ ಕೂತುಕೊಳ್ಳುತ್ತಾ ಹೋಯಿತು. ಸ್ಟೂಲು ಬೇಕಾಗಲಿಲ್ಲ, ಬಾಗಿಲು ತೆರೆದು ನೇರ ಕೆಳಗೆ ಕಾಲಿಟ್ಟೆ.

ಕೊಟ್ರೇಶ ಹೆದರಲಿಲ್ಲ. ಇದಕ್ಕೇ ಕಾದಿದ್ದವನ ಹಾಗೆ ನಕ್ಕ. ‘ವಿಂಚು ಐತಲ್ಲ!’ ಹುಕ್ಕು ಹಿಡಿದುಕೊಂಡು ಹಗ್ಗ ಎಳೆಯುತ್ತಾ ದಂಡೆ ಕಡೆ ಓಡಿದ. ಹಗ್ಗ ಮುಗಿಯಿತು. ನಿಂತ. ಆ ಕಡೆ ನೋಡಿದ, ಈ ಕಡೆ ನೋಡಿದ.

ಮರ ಎಲ್ಲಿದೆ?

ವರ್ಷದಲ್ಲಿ ಅರ್ಧ ಕಾಲ ನೀರು ನಿಲ್ಲುವ ನೆಲ. ಅಲ್ಲಿ ಮರ ಎಲ್ಲಿಂದ ಬರಬೇಕು? ಹತ್ತಿರದ ಜಾಲಿ ಗಿಡ ಕಣ್ಣಿಗೆ ಕಾಣುತ್ತಿತ್ತು, ಹಗ್ಗಕ್ಕೆ ಸಿಗುತ್ತಿರಲಿಲ್ಲ. ನಲವತ್ತೆರಡು ವರ್ಷದ ಮಗ ಹುಕ್ಕು ಹಿಡಿದುಕೊಂಡು ಬಯಲಿನ ನಡುವೆ ನಿಂತಿದ್ದ, ದನ ಕಳೆದುಕೊಂಡವನ ಹಾಗೆ.

ಅದೇ ಹೊತ್ತಿಗೆ ದಂಡೆಯ ಮೇಲೆ ದೂಳು ಎದ್ದಿತು. ಹಿಂಡು ಬಂತು. ಮುಂದೆ ಮೈಲಪ್ಪ, ಹಿಂದೆ ಹಾಲಮ್ಮ. ಅವಳ ಬೆನ್ನಿನ ಜೋಳಿಗೆಯಿಂದ ಎರಡು ಮರಿ ತಲೆ ಹೊರಗೆ ಹಾಕಿದ್ದವು, ಕಂಕುಳಲ್ಲಿ ಒಂದೊಂದು.

ಅವಳು ಗಾಡಿಯನ್ನು ನೋಡಿದಳು. ಮೈದುನನನ್ನು ನೋಡಿದಳು. ‘ಏನತ್ತಿ, ಗಾಡಿ ನೀರು ಕುಡಿಯಾಕ ಬಂದೈತೇನು?’

‘ಉಸಿರಾಡಾಕ ಪೈಪು ಹಾಕ್ಯಾನ, ಮುಳುಗಿದ್ರೂ ಸಾಯಂಗಿಲ್ಲ ಬಿಡು’ ಅಂದ ಮೈಲಪ್ಪ.

ಹಿಂಡಿನ ನಾಯಿ ಮಾತ್ರ ನಗಲಿಲ್ಲ. ನೇರ ಹೋಗಿ ಗಾಡಿ ಮೂಸಿತು, ಗುರುತು ಹಿಡಿಯಿತು, ಬಾಲ ಅಲ್ಲಾಡಿಸಿತು, ಹೊಸ ಗಾಲಿಗೆ ಕಾಲೆತ್ತಿತು. ನನಗೆ ಸಿಗದ ಗುರುತು ಅದಕ್ಕೆ ಸಿಕ್ಕಿತು.

‘ಟ್ರ್ಯಾಕ್ಟರ್ ಕರಸಬೇಕು’ ಅಂದ ಕೊಟ್ರೇಶ, ಸಣ್ಣ ದನಿಯಲ್ಲಿ. ಟ್ರ್ಯಾಕ್ಟರ್ ಬಂದು ಎಳೆದದ್ದನ್ನು ಯಾರಾದರೂ ಫೋಟೊ ತೆಗೆದರೆ ಅವನ ಕ್ಯಾಂಪಿಂಗ್ ಅಲ್ಲಿಗೇ ಮುಗಿಯಿತು ಅಂತ ಅವನಿಗೂ ಗೊತ್ತು.

‘ಹೊಳಿ ದಂಡಿ ಉಸುಕಿನಾಗ ಬಲಿ ಕಟ್ಟುವಾಗ ಏನು ಮಾಡ್ತಿದ್ವಿ?’ ಅಂತ ಮೈಲಪ್ಪನನ್ನು ಕೇಳಿದೆ.

ಕೊಟ್ರೇಶನಿಗೆ ಗೊತ್ತಿರಲಿಲ್ಲ, ಅವನು ಶಾಲೆಗೆ ಹೋದವನು. ಮೈಲಪ್ಪನಿಗೆ ಗೊತ್ತಿತ್ತು. ಉಸುಕಿನಲ್ಲಿ ಗೂಟ ನಿಲ್ಲುವುದಿಲ್ಲ. ಅದಕ್ಕೆ ದೊಡ್ಡ ಕಲ್ಲಿಗೆ ಹಗ್ಗ ಕಟ್ಟಿ, ಗುಂಡಿಯಲ್ಲಿ ಹೂತು, ಮೇಲೆ ಮಣ್ಣು ತುಳಿಯುತ್ತೇವೆ. ಎಂಥ ಗಾಳಿ ಬಂದರೂ ಬಲೆ ಏಳುವುದಿಲ್ಲ.

‘ಇಲ್ಲಿ ಕಲ್ಲು ಎಲ್ಲೈತವ್ವ?’ ಅಂದ ಕೊಟ್ರೇಶ.

‘ಬೆನ್ನ ಹಿಂದ ಅಷ್ಟು ದೊಡ್ಡದು ಕಟ್ಕೊಂಡು ಬಂದೀಯಲ್ಲಲೇ. ಬಿಚ್ಚು.’

ಗಾಡಿಯ ಹಿಂದೆ ತೂಗುತ್ತಿದ್ದ ಐದನೇ ಗಾಲಿ, ಸ್ಟೆಪ್ನಿ, ಬಿಚ್ಚಿದರು. ಬಿರುಕು ಬಿಟ್ಟ ಗಟ್ಟಿ ನೆಲ ನಾನೇ ತುಳಿದು ನೋಡಿ ತೋರಿಸಿದೆ. ಅಣ್ಣ ತಮ್ಮ ಇಬ್ಬರೂ ಸೊಂಟದ ಆಳಕ್ಕೆ ಅಗೆದರು. (ಆ ಗಾಡಿಯಲ್ಲಿ ಚಹಾ ಸೋಸುವ ಜಾಳಿಗೆ ಎರಡಿತ್ತು, ಸಲಿಕೆ ಇರಲಿಲ್ಲ. ಗಾಡಿ ಇಲ್ಲವಾದಾಗಿನಿಂದ ಬಲೆ, ಗೂಟ ಹೊರುತ್ತಿದ್ದ ಕತ್ತೆಯ ಮೇಲಿದ್ದ ಸಲಿಕೆಯೇ ಆಯಿತು.) ಸ್ಟೆಪ್ನಿಗೆ ವಿಂಚಿನ ಹಗ್ಗ ಕಟ್ಟಿ ಗುಂಡಿಯಲ್ಲಿ ನಿಲ್ಲಿಸಿದರು, ಮಣ್ಣು ಮುಚ್ಚಿದರು. ಹಾಲಮ್ಮ ಮರಿಗಳನ್ನು ನನ್ನ ಮಡಿಲಿಗೆ ಹಾಕಿ ಮೇಲೆ ನಿಂತು ತುಳಿದಳು. ಅವಳು ಯಾರನ್ನು ನೆನೆಸಿಕೊಂಡು ತುಳಿದಳೋ, ಮಣ್ಣು ಸಿಮೆಂಟಿನ ಹಾಗಾಯಿತು.

ವಿಂಚು ತಿರುಗಿತು. ಹಗ್ಗ ಬಿಗಿಯಿತು. ಹೂತ ಸ್ಟೆಪ್ನಿ ಅಲುಗಲಿಲ್ಲ. ಗಾಡಿ ಒಮ್ಮೆ ನರಳಿ, ಕೆಸರಿನ ಬಾಯಿಂದ ಬಿಡಿಸಿಕೊಂಡು, ಒಂದೊಂದೇ ಗೇಣು ಮುಂದಕ್ಕೆ ಬಂತು.

‘ವಿಂಚು ಎಳೀತವ್ವ!’ ಕೊಟ್ರೇಶ ಕುಣಿದ.

‘ಎಳೀತು’ ಅಂದೆ. ಎಳೆದದ್ದನ್ನು ಇಲ್ಲ ಅನ್ನಲಿಕ್ಕೆ ಆಗುತ್ತದೆಯೇ? ಚೆನ್ನಾಗಿ ಮಾಡಿದ್ದ. ಅದೂ ನಿಜ.

ಮೈಲಪ್ಪ ಬಲೆ ಕಟ್ಟಿದ, ಹಾಲಮ್ಮ ಒಲೆ ಹಚ್ಚಿದಳು. ಕೊಟ್ರೇಶ ನನ್ನ ಪಕ್ಕ ಬಂದು ಕೂತ. ಮೈ ತುಂಬಾ ಕೆಸರು.

‘ಹೇಳವ್ವ. ಗಾಡಿ ಯಾರಿಗೆ?’

ಹಾಲಮ್ಮ ಒಲೆ ಊದುವುದು ನಿಲ್ಲಿಸಿದಳು. ಮೈಲಪ್ಪನ ಕೈ ಗೂಟದ ಮೇಲೆ ನಿಂತಿತು.

‘ಮುಂಜಾನಿ ಹೇಳ್ತೀನಿ’ ಅಂದೆ.

ಮರುದಿನ ಬೆಳಿಗ್ಗೆ ಎದ್ದವಳೇ ಖಾನೆ ಎಳೆದೆ. ಗ್ಯಾಸ್ ಒಲೆ ತೆಗೆದು ನೆಲದ ಮೇಲಿಟ್ಟೆ. ಉಪ್ಪು ಖಾರದ ಡಬ್ಬಿ ಹಾಲಮ್ಮನ ಬುಟ್ಟಿಗೆ ಹಾಕಿದೆ. ಖಾನೆಗೆ ಒಣಹುಲ್ಲು ಹಾಸಿ ನಾಲ್ಕು ಮರಿ ಮಲಗಿಸಿದೆ. ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

ಕೊಟ್ರೇಶ ನೆಲದ ಮೇಲಿನ ಒಲೆ ಎತ್ತಿಕೊಂಡ.

‘ಕುರಿ ಈಯೋದು ಮುಗೀಲಿ, ಆಮ್ಯಾಲ ನಿನ್ನ ಪ್ಯಾಟಿ ಮಂದಿ’ ಅಂದೆ. ‘ಅಷ್ಟರಾಗ ಹತ್ತಾಕ ಒಂದು ಮೆಟ್ಲು ಬೆಸಿ. ಅಲ್ಲೀವರೆಗೂ ಸ್ಟೂಲು ಇಲ್ಲೇ ಇರ್ಲಿ.’

‘ಮತ್ತ ಟೆಂಟು? ಅದನ್ನಾದ್ರೂ ಬಿಚ್ಕೊಂಡು ಹೋಗ್ಲೇನವ್ವ?’

‘ಮುಟ್ಟಬ್ಯಾಡ.’

ಮೈಲಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹಲ್ಲು ಕಿರಿದ. ‘ಇರ್ಲಿ ಬಿಡವ್ವ, ಟೆಂಟಿನಾಗ ನಾನು ಮಲಗ್ತೀನಿ.’

ನಾನು ಕೊಟ್ರೇಶನಿಂದ ಟೆಂಟು ಬಿಚ್ಚಿಸಿದೆ. ಸ್ಟೂಲಿನ ಮೇಲೆ ಕಾಲಿಟ್ಟು, ಏಣಿ ಹತ್ತಿ, ಹಾಲಮ್ಮನ ಕೌದಿಯನ್ನು ಟೆಂಟಿನೊಳಗೆ ಹಾಸಿ ಬಂದೆ.