ಬ್ಯಾಂಕಾಕ್‌ಗೆ ಎಂಟು ಜನ

ಅವತ್ತು ಬೆಳಿಗ್ಗೆಯೂ ಎಂದಿನಂತೆ ಐದೂವರೆಗೆ ಎದ್ದು, ಬಾಗಿಲಿಗೆ ನೀರು ಹಾಕಿ, ಚಿಕ್ಕದೊಂದು ರಂಗೋಲಿ ಬಿಟ್ಟು, ಹಾಲು ಕಾಯಲು ಇಟ್ಟೆ. ಕಳೆದ ವರ್ಷದ ಮಾವಿನ ಸುಗ್ಗಿ ಮುಗಿಯುತ್ತ ಬಂದಿದ್ದ ದಿನಗಳು. ಶ್ರೀನಿವಾಸಪುರದಲ್ಲಿ ಆ ಹೊತ್ತಿಗೆ ಲಾರಿಗಳ ಸದ್ದು ಕಡಿಮೆಯಾಗಿ, ರಸ್ತೆ ಬದಿಯಲ್ಲಿ ಬರೀ ಒಣಹುಲ್ಲು, ಮುರಿದ ಕ್ರೇಟುಗಳು ಉಳಿದಿರುತ್ತವೆ. ನಮ್ಮ ಯಜಮಾನರಿಗೆ ಮಾವಿನ ಮಂಡಿ ಇದೆ, ಅವರೂ ಬಾಷಾ ಅವರೂ ಸೇರಿ ನಾಲ್ಕು ಜನ ಪಾಲುದಾರರು. ಕಾಫಿ ಕುಡಿದು ಹೊರಡುವಾಗ, ಮಧ್ಯಾಹ್ನ ಎಲ್ಲರ ಪಾಸ್‌ಪೋರ್ಟ್ ತರುತ್ತೇನೆ, ಟಿಕೆಟ್ ಹಾಕಿಬಿಡು, ಬಾಷಾನೂ ಊಟಕ್ಕೆ ಬರುತ್ತಾನೆ ಎಂದರು. ಸರಿ ಎಂದೆ. ಅವರ ಬೈಕು ತಿರುವು ದಾಟಿದ ಮೇಲೆ ಒಲೆಯ ಮುಂದೆ ನಿಂತು ಒಬ್ಬಳೇ ನಕ್ಕೆ.

ಯುಗಾದಿ ಆದ ಹೊಸತರಲ್ಲಿ ಅವರು, "ಸುಗ್ಗಿ ಮುಗಿದ್ಮೇಲೆ ಬ್ಯಾಂಕಾಕ್‌ಗೆ ಹೋಗೋಣ ಅಂತ ಇದೀವಿ. ಎಂಟು ಜನಕ್ಕೆ ಪ್ಲಾನ್ ಮಾಡು. ನಿಂಗೆ ಇಂಗ್ಲೀಷ್ ಬರುತ್ತಲ್ಲ" ಎಂದಿದ್ದರು. ಬಾಕ್ಸಿಂಗ್ ಅಂತೂ ಇರಲೇಬೇಕು, ಜೊತೆಗೆ ನೋಡುವಂಥದ್ದು ಇನ್ನೇನಾದರೂ ಇದ್ದರೆ ಸೇರಿಸು ಎಂದೂ ಹೇಳಿದ್ದರು. ನಾಲ್ಕು ಜನ ಪಾಲುದಾರರು, ಎಂಟು ಜನ ಎಂದರೆ ಹೆಂಡತಿಯರೂ ಸೇರಿ ಎಂದು ನನ್ನ ಮನಸ್ಸು ತಾನೇ ಲೆಕ್ಕ ಹಾಕಿಕೊಂಡಿತು. ನನ್ನ ಪಾಸ್‌ಪೋರ್ಟನ್ನು ಅದಕ್ಕೆ ಒಂದು ವರ್ಷ ಮೊದಲೇ ಅವರದ್ದರ ಜೊತೆಗೆ ಮಾಡಿಸಿ ಆಗಿತ್ತು. ಬೀರುವಿನಲ್ಲಿ, ಸೀರೆಗಳ ಕೆಳಗೆ, ಒಂದೂ ಮುದ್ರೆಯಿಲ್ಲದೆ ಮಲಗಿತ್ತು.

ನಾನು ಕೋಲಾರದ ಕಾನ್ವೆಂಟಿನಲ್ಲಿ ಓದಿದವಳು. ಪುಟಕ್ಕೆ ಕೆಂಪು ಗೆರೆ ಎಳೆಯದೆ ಒಂದಕ್ಷರ ಬರೆಯಲು ನಮ್ಮ ಸಿಸ್ಟರ್ ಬಿಡುತ್ತಿರಲಿಲ್ಲ. ಹಾಗೇ ಗೆರೆ ಎಳೆದು, ಮೂರು ತಿಂಗಳು ಮಧ್ಯಾಹ್ನದ ಹೊತ್ತು ಕೂತು ನೋಟ್‌ಬುಕ್ಕಿನಲ್ಲಿ ಬರೆದೆ. ಬಾಕ್ಸಿಂಗ್ ಯಾವ ಯಾವ ಸಂಜೆ ಇದೆ, ಎಲ್ಲಿ ಕೂತರೆ ಕಾಣುತ್ತದೆ ಎಲ್ಲಾ ಹುಡುಕಿದೆ. ಅಲ್ಲಿನ ಬಾಕ್ಸರುಗಳು ಹೊಡೆದಾಡುವ ಮೊದಲು ವಾದ್ಯದ ತಾಳಕ್ಕೆ ಸರಿಯಾಗಿ ಕಣದ ಸುತ್ತ ನಿಧಾನಕ್ಕೆ ನಡೆದು, ಮಂಡಿಯೂರಿ ಗುರುವಿಗೆ ಕೈ ಮುಗಿಯುತ್ತಾರೆ. ಮೊಬೈಲಿನಲ್ಲಿ ಅಷ್ಟನ್ನು ಮಾತ್ರ ಮತ್ತೆ ಮತ್ತೆ ನೋಡಿ, ಏಟು ಬೀಳುವ ಮೊದಲು ನಿಲ್ಲಿಸಿಬಿಡುತ್ತಿದ್ದೆ.

ಆದರೆ ನನ್ನ ಆಸೆ ಇದ್ದದ್ದು ಖೋನ್ ಮೇಲೆ. ಮುಖವಾಡ ಹಾಕಿಕೊಂಡು, ಮಾತಾಡದೆ, ಬೆರಳುಗಳಲ್ಲೇ ಕಥೆ ಹೇಳುವ ಅವರ ಹಳೆಯ ನಾಟಕ ಅದು. ಚಿಕ್ಕವಳಿದ್ದಾಗ ಮುಳಬಾಗಿಲಿನ ಹತ್ತಿರದ ನಮ್ಮ ತಾತನ ಊರಿಗೆ ತೆಲುಗಿನ ಬೀದಿನಾಟಕದವರು ಬರುತ್ತಿದ್ದರು. ಮಧ್ಯಾಹ್ನ ಅವರು ಬಣ್ಣ ಅರೆಯುವುದನ್ನು, ಮರದ ಕಿರೀಟಕ್ಕೆ ಬೇಗಡೆ ಅಂಟಿಸುವುದನ್ನು ಚಪ್ಪರದ ಸಂದಿಯಲ್ಲಿ ನಿಂತು ನೋಡಿದ್ದೆ. ಆಟ ನೋಡಲು ಮಾತ್ರ ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲ. ಅದಕ್ಕೇ ಏನೋ, ಜೀವನದಲ್ಲಿ ಒಂದು ಸಲವಾದರೂ ಒಂದು ಆಟವನ್ನು ಪರದೆ ಏಳುವುದರಿಂದ ಬೀಳುವವರೆಗೆ, ಸರಿಯಾದ ಕುರ್ಚಿಯಲ್ಲಿ ಕೂತು ನೋಡಬೇಕು ಅನ್ನಿಸಿತ್ತು. ನಾನು ಹುಡುಕಿದ್ದ ರಂಗಮಂದಿರದಲ್ಲಿ ಖೋನ್ ಶನಿವಾರ ಭಾನುವಾರ ಇರುವುದಿಲ್ಲ. ಅದಕ್ಕೆ ಬುಧವಾರ ಮಧ್ಯಾಹ್ನ ನಾಟಕ, ಗುರುವಾರ ಸಂಜೆ ಬಾಕ್ಸಿಂಗ್ ಎಂದು ಇಡೀ ಪ್ರವಾಸವನ್ನೇ ಜೋಡಿಸಿದೆ. ಬಾಷಾ ಅವರ ಹೆಂಡತಿ ನೂರ್‌ಜಹಾನ್‌ಗೆ ಮಂಡಿ ನೋವು ಎಂದು ಸಾಲಿನ ತುದಿಯ ಕುರ್ಚಿಗೆ ಅವರ ಹೆಸರು ಬರೆದು, ಪಕ್ಕದ್ದಕ್ಕೆ ನನ್ನ ಹೆಸರು ಬರೆದಿದ್ದೆ.

ಇಷ್ಟೆಲ್ಲಾ ಮಾಡಿದವಳು ನೂರ್‌ಜಹಾನ್‌ಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಪ್ರಯಾಣದ ವಿಷಯ ಟಿಕೆಟ್ ಕೈಗೆ ಬರುವ ತನಕ ಬಾಯಿ ಬಿಡಬಾರದು, ದೃಷ್ಟಿಯಾಗಿ ಹೋಗುವುದೇ ತಪ್ಪಿಹೋಗುತ್ತದೆ ಎಂದು ತೀರಿಹೋದ ನಮ್ಮ ಅತ್ತೆ ಹೇಳುತ್ತಿದ್ದರು. ನಮ್ಮ ಕಡೆ ತಿರುಪತಿಗೆ ಹೊರಡುವವರೂ ಬಸ್ಸು ಹತ್ತುವವರೆಗೆ ಪಕ್ಕದ ಮನೆಗೆ ಹೇಳುವುದಿಲ್ಲ. ಹಾಗೆ ಗಂಡನ ಹತ್ತಿರವೂ ನನ್ನ ಬಗ್ಗೆ ಒಂದು ಮಾತೂ ಆಡದೆ ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ಮಧ್ಯಾಹ್ನ ಇಬ್ಬರೂ ಬಂದರು. ಮುದ್ದೆ, ಉಪ್ಸಾರು ಬಡಿಸಿದೆ. ಬಾಷಾ ಕೈ ತೊಳೆಯುವ ಮೊದಲೇ ಪಾಸ್‌ಪೋರ್ಟುಗಳ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲಿಟ್ಟಿದ್ದರು. ಅವರು ಉಣ್ಣುತ್ತಿರುವಾಗ ನಾನು ಲ್ಯಾಪ್‌ಟಾಪ್ ತೆಗೆದು ಕೂತೆ. ಬೀರುವಿನಿಂದ ನನ್ನದನ್ನೂ ತಂದು ಮೊಣಕೈ ಪಕ್ಕದಲ್ಲಿ ಇಟ್ಟುಕೊಂಡಿದ್ದೆ.

ಮೊದಲನೆಯದು ನಮ್ಮ ಯಜಮಾನರದ್ದು, ಎರಡನೆಯದು ಬಾಷಾರದ್ದು. ಮೂರು, ನಾಲ್ಕು ಉಳಿದ ಪಾಲುದಾರರದ್ದು. ಐದನೆಯದರಲ್ಲಿ ದಪ್ಪ ಮೀಸೆಯ, ಮಾಲೂರಿನ ವ್ಯಾಪಾರಿಯೊಬ್ಬರ ಫೋಟೋ ಇತ್ತು. ಆರು, ಏಳು, ಎಂಟು, ಎಲ್ಲಾ ಗಂಡಸರೇ. ಕವರನ್ನು ತಲೆಕೆಳಗು ಮಾಡಿ ಅಲುಗಾಡಿಸಿದೆ. ಒಂದು ರಬ್ಬರ್ ಬ್ಯಾಂಡ್ ಬಿತ್ತು.

ನನ್ನ ಪಾಸ್‌ಪೋರ್ಟಿನ ಮೇಲೆ ನಿಧಾನಕ್ಕೆ ನೋಟ್‌ಬುಕ್ಕನ್ನು ಸರಿಸಿದೆ.

ಬಾಷಾ ಕೈ ತೊಳೆಯಲು ಹಿತ್ತಲಿಗೆ ಹೋದಾಗ, "ಹೆಂಗಸ್ರು ಯಾರೂ ಬರಲ್ವಾ?" ಎಂದು ಕೇಳಿದೆ. ದನಿ ಸರಿಯಾಗೇ ಬಂತು ಅನ್ನಿಸುತ್ತದೆ.

ಯಜಮಾನರು ಮಜ್ಜಿಗೆ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಮಂಡಿಯವ್ರ ಟ್ರಿಪ್ ಕಣೇ ಇದು. ಯಾಕೆ, ನಿಂಗೆ ಬರ್ಬೇಕು ಅಂತ ಇತ್ತಾ?"

ಅವರು ಕೇಳಿದರು. ಅದನ್ನು ನಾನು ಬರೆಯಲೇಬೇಕು. ಹೂಂ ಎನ್ನಲು ಅಲ್ಲಿ ಜಾಗವಿತ್ತು. ಹಿತ್ತಲಲ್ಲಿ ನೀರಿನ ಸದ್ದು ನಿಂತಿತು, ಬಾಷಾರ ಚಪ್ಪಲಿ ಸದ್ದು ಹತ್ತಿರವಾಯಿತು.

"ಇಲ್ಲ, ಸುಮ್ನೆ ಕೇಳ್ದೆ" ಎಂದೆ.

ಬಾಷಾ ಟವೆಲಿನಲ್ಲಿ ಕೈ ಒರೆಸುತ್ತ, "ಭಾಭಿ, ಬಾಕ್ಸಿಂಗ್ ಟಿಕೆಟ್ ಕಾಗದ ಮಾತ್ರ ನೂರ್‌ಜಹಾನ್‌ಗೆ ನೀವೇ ತೋರಿಸ್ಬಿಡಿ. ಬ್ಯಾಂಕಾಕ್ ಅಂದಾಗಿಂದ ನನ್ ಕಡೆ ಒಂಥರಾ ನೋಡ್ತಾ ಅವ್ಳೆ" ಎಂದರು. ಇಬ್ಬರೂ ನಕ್ಕರು. ನಾನೂ ನಕ್ಕೆ. ಯಜಮಾನರು ನೋಟ್‌ಬುಕ್ಕಿನ ಪುಟದತ್ತ ಬಗ್ಗಿ ನೋಡಿ, ನಾಟಕ ಬೇಡ ಬಿಡು, ಅಷ್ಟು ಹೊತ್ತು ಇವರು ಯಾರೂ ಕೂರುವುದಿಲ್ಲ, ಬುಧವಾರ ಎಲ್ಲಾದರೂ ಸುತ್ತಾಡುತ್ತೇವೆ ಎಂದರು. ಬುಧವಾರದ ಸಾಲಿನ ಮೇಲೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆದೆ. ವಿಮಾನಕ್ಕೂ ಬಾಕ್ಸಿಂಗಿಗೂ ಎಂಟು ಹೆಸರುಗಳನ್ನು ಕಾಗುಣಿತ ತಪ್ಪದಂತೆ ಟೈಪ್ ಮಾಡಿದೆ.

ಅವರು ಹೋದ ಮೇಲೆ ತಟ್ಟೆ ತೊಳೆಯುತ್ತಿದ್ದೆ, ಮೊಬೈಲ್ ಸದ್ದು ಮಾಡಿತು. ಬುಕಿಂಗ್‌ಗೆ ನನ್ನ ಇ-ಮೇಲ್ ಕೊಟ್ಟಿದ್ದರಿಂದ ಬಾಕ್ಸಿಂಗ್ ಕ್ರೀಡಾಂಗಣದವರಿಂದ ನನಗೇ ಪತ್ರ ಬಂದಿತ್ತು. ನನ್ನ ಹೆಸರು ಹಿಡಿದು, ನಿಮ್ಮನ್ನು ಸ್ವಾಗತಿಸಲು ಕಾಯುತ್ತಿದ್ದೇವೆ, ದಯವಿಟ್ಟು ಅರ್ಧ ಗಂಟೆ ಮೊದಲೇ ಬನ್ನಿ ಎಂದು ಬರೆದಿದ್ದರು. ಒದ್ದೆ ಕೈಯಲ್ಲೇ ಮೊಬೈಲ್ ಹಿಡಿದು ಎರಡು ಸಲ ಓದಿದೆ. ಆಮೇಲೆ ಬೀರು ತೆಗೆದು ಪಾಸ್‌ಪೋರ್ಟನ್ನು ಸೀರೆಗಳ ಕೆಳಗೆ ಇಟ್ಟೆ. ಮನೆಯಲ್ಲಿ ಗಡಿಯಾರದ ಸದ್ದು ಅಷ್ಟು ದೊಡ್ಡದಾಗಿ ಅದುವರೆಗೂ ನನಗೆ ಕೇಳಿಸಿರಲಿಲ್ಲ.

ಅವರು ಹೋಗಿ ಬಂದು ಎಷ್ಟೋ ತಿಂಗಳಾಯಿತು. ನನಗೆ ಒಂದು ಒಳ್ಳೆಯ ಕೊಡೆ ತಂದುಕೊಟ್ಟಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತೆರಡು ವರ್ಷ ಜೊತೆಗಿದ್ದವರಿಗೆ ನನ್ನ ಆಸೆ ಹೇಳದೆಯೇ ತಿಳಿಯುತ್ತದೆ ಎಂದು ಕೂತಿದ್ದವಳು ನಾನು. ಕೇಳಿದಾಗಲೂ ಇಲ್ಲವೆಂದವಳೂ ನಾನೇ. ಆ ಒಂದು 'ಇಲ್ಲ' ಮಾತ್ರ ಒಬ್ಬಳೇ ಇದ್ದಾಗ ಈಗಲೂ ಕಿವಿಯಲ್ಲಿ ಕೇಳುತ್ತದೆ.

ಟಿಕೆಟ್ ಹಾಕಿದ ಆ ದಿನ ಸಂಜೆ ದೀಪ ಹಚ್ಚಿ, ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯ ಸರೋಜಮ್ಮ ಕರಿಬೇವು ಕೇಳಿಕೊಂಡು ಬಂದು, ತಾವೇ ಎರಡು ಕಡ್ಡಿ ಮುರಿದುಕೊಂಡರು. ಹೋಗುತ್ತಾ ಗೇಟಿನ ಹತ್ತಿರ ತಿರುಗಿ ಹೇಳಿದರು:

"ಮಧ್ಯಾಹ್ನ ಹೋಗ್ತಾ ಸಿಕ್ಕಿದ್ದಾಗ ನಿಮ್ಮೆಜಮಾನ್ರು ಹೇಳ್ತಿದ್ರು, ಫಾರಿನ್‌ಗೆ ಬರ್ತೀಯಾ ಅಂತ ಕೇಳಿದ್ರೂ ಒಲ್ಲೆ ಅಂದ್ರಂತಲ್ಲ ನೀವು. ಮನೆ ಬಿಟ್ರೆ ಅವ್ಳಿಗೆ ಇನ್ನೇನೂ ಬೇಡ ಅಂತ ಎಷ್ಟ್ ಹೆಮ್ಮೆಯಿಂದ ಹೇಳಿದ್ರು ಗೊತ್ತಾ. ನಾವಾದ್ರೆ ಚಿಂತಾಮಣಿಗೆ ಕರೆದ್ರೂ ಚಪ್ಪಲಿ ಮೆಟ್ಕೊಂಡು ನಿಂತಿರ್ತೀವಮ್ಮ."