ಭಾವ ಮಾಡಿಕೊಟ್ಟ ನಾಲ್ಕು ಹಲಗೆ

ಹೋದ ವಾರ ಮಾಳಿಗೆಯ ನೀರಿನ ಟಾಕಿ ಸೋರಿ ನನ್ನ ರೆಕಾರ್ಡಿಂಗ್ ಕೋಣೆಯ ಒಂದು ಹಲಗೆ ತೊಯ್ದುಹೋಯಿತು. ಬಾಗಿಲು ತೆರೆದರೆ ಕುರಿಯ ವಾಸನೆ. ಸೊಲ್ಲಾಪುರದ ಮನೆಯ ಮೇಲಿನ ಕೋಣೆಯಲ್ಲಿ, ಮೈಕು, ಕಂಪ್ಯೂಟರುಗಳ ನಡುವೆ, ಕುರಿದೊಡ್ಡಿಯಲ್ಲಿ ನಿಂತ ಹಾಗೆ. ಹಲಗೆಗೆ ಹೊದಿಸಿದ ಕಂಬಳಿಯ ವಾಸನೆ ಅದು. ಆ ಹಲಗೆ ಮಾಡಿಕೊಟ್ಟವರು ನಮ್ಮ ಭಾವ, ಅಕ್ಕನ ಗಂಡ. ಅವರು ತೀರಿಕೊಂಡು ಮೂರು ವರ್ಷವಾಯಿತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ಅನ್ನುವವರಿಗೇನು...

ನಮ್ಮ ಊರು ಕಂದಲಗಾಂವ. ಅಪ್ಪ ಅಲ್ಲಿ ಕುರುಬರ ದೇವರು ಬೀರೋಬಾನ ಹಾಡಿನ ಮೇಳದ ಮುಂದಾಳು. ಮುಂದಾಳು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಡೊಳ್ಳಿನ ಜೊತೆ ಅದನ್ನು ಹಿಡಿಯಬೇಕು. ಸಣ್ಣವನಿದ್ದಾಗಿನಿಂದ ನಾನು ಹಿಡಿಯುವವರ ಸಾಲಿನಲ್ಲೇ ನಿಂತೆ. ಅಪ್ಪನ ನಂತರ ಆ ಜಾಗ ನನ್ನದು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಆದರೆ ಅಪ್ಪನಿಗೆ ದಮ್ಮು ಹತ್ತತೊಡಗಿದ ವರ್ಷ ಆತ ತನ್ನ ಮುಂದಾಳುತನದ ಕಂಬಳಿಯನ್ನು ತಡವಳ ಊರಿನ ಅಳಿಯನ, ಅಂದರೆ ಭಾವನ, ಹೆಗಲ ಮೇಲೆ ಹಾಕಿದ. ಯಾಕೆ ಎಂದು ಕೇಳಿದೆ.

"ನಿಂದೇನ ಕೆಟ್ಟ ಅದ ಅನ್ನಂಗಿಲ್ಲ. ಅವಂದು ಬ್ಯಾರೆ ಅದ, ಅಷ್ಟ."

ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು. ಆವತ್ತು ಊಟ ಸೇರಲಿಲ್ಲ.

ಸೊಲ್ಲಾಪುರದ ಟಾವೆಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಲೇ ನಾನು ಮನೆಯಲ್ಲಿ ಸ್ಟುಡಿಯೋ ಮಾಡಿದ್ದು ಸಂಗೀತದ ಸೇವೆಗೇನೂ ಅಲ್ಲ. ಗುಡಿಯಲ್ಲಿ ಅವರು ಮುಂದಾಳಾದರೆ ಮೈಕಿನ ಮುಂದೆ ನಾನು ಆಗುತ್ತೇನೆ ಎಂಬ ಹಟಕ್ಕೆ. ಆದರೆ ಬರೀ ಗೋಡೆಯ ಕೋಣೆ, ಹಾಡಿದರೆ ಖಾಲಿ ಕೊಡದೊಳಗೆ ಬಾಯಿ ಇಟ್ಟ ಹಾಗೆ ಗುಂಯ್ ಅನ್ನುತ್ತಿತ್ತು. ದನಿ ಹೀರುವ ಹಲಗೆ ಬೇಕಿತ್ತು. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅಕ್ಕ ನನ್ನನ್ನು ಕೇಳದೆಯೇ ಗಂಡನಿಗೆ ಹೇಳಿಬಿಟ್ಟಳು. ಭಾವ ಅಕ್ಕಲಕೋಟೆಯಲ್ಲಿ ಬಡಿಗತನದ ಅಂಗಡಿ ಇಟ್ಟಿದ್ದರು. ಹಾಡು ಒಂದೇ ಸಾಲದೆಂದು ದೇವರು ಆ ಕೈಗಳನ್ನೂ ಅವರಿಗೇ ಕೊಟ್ಟಿದ್ದ.

ಕಟ್ಟಿಗೆಯ ಚೌಕಟ್ಟು, ಒಳಗೆ ಒತ್ತಿ ತುಂಬಿದ ಟಾವೆಲ್ ಚಿಂದಿ, ಹಿಂದೆ ಪ್ಲೈವುಡ್, ಕೆಳಗೆ ಗಾಲಿ. ಮುಂದಕ್ಕೆ ಹೊದಿಸಲು ಅಪ್ಪ ನಾಲ್ಕು ಕರಿ ಕಂಬಳಿ ಕಳಿಸಿದ. ಅಲ್ಲೇ ತಪ್ಪಾಯಿತು. "ಕಂಬಳಿಗಿ ಕತ್ತರಿ ಹಚ್ಚಂಗಿಲ್ಲ, ದೇವರ ಗಾದಿ ಅದು" ಎಂದ ಭಾವ, ಕೋಣೆಯ ಅಳತೆ ಬಿಟ್ಟು ಕಂಬಳಿಯ ಅಳತೆಗೇ ಚೌಕಟ್ಟು ಕಟ್ಟಿದರು. ಅಕ್ಕಲಕೋಟೆಯಿಂದ ಟೆಂಪೋದಲ್ಲಿ ಬಂದ ಹಲಗೆಗಳು ಮೆಟ್ಟಿಲು ಹತ್ತಿದವು, ಬಾಗಿಲಲ್ಲಿ ಹಿಡಿಸಲಿಲ್ಲ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅವರು ಚಹಾ ಕುಡಿದರು, ಕಂಬಳಿ ಬಿಚ್ಚಿದರು, ಚೌಕಟ್ಟನ್ನು ನಡುವೆ ಕೊಯ್ದು ಬಿಜಾಗರಿ ಹಾಕಿ ಮತ್ತೆ ಹೊದಿಸಿದರು. ಹಲಗೆಗಳು ಪುಸ್ತಕದಂತೆ ಮಡಚಿಕೊಂಡು ಒಳಗೆ ಹೋದವು, ಕಂಬಳಿಗಳು ಇಡಿಯಾಗಿಯೇ ಉಳಿದವು. ನನ್ನ ಸಂತೋಷಕ್ಕೆ ಚಹಾ ಆರುವಷ್ಟೂ ಆಯುಷ್ಯ ಇರಲಿಲ್ಲ.

ಬಳಸುವುದನ್ನೂ ಅವರೇ ಕಲಿಸಿಕೊಟ್ಟರು. ಕಂಬಳಿಯ ಮೈ ದನಿ ನುಂಗುತ್ತದೆ, ಪ್ಲೈವುಡ್ಡಿನ ಮೈ ತಿರುಗಿ ಒಗೆಯುತ್ತದೆ. ಹಾಡು ನೋಡಿ ತಿರುಗಿಸಿಕೊಳ್ಳಬೇಕು.

ಅಷ್ಟರಲ್ಲಿ ಅಪ್ಪನ ಆಸೆ ಹೊರಬಂತು. ತನ್ನ ಹಾಡುಗಳು ಅಳಿಯನ ದನಿಯಲ್ಲಿ ಉಳಿಯಬೇಕು, ನನ್ನ ಸ್ಟುಡಿಯೋದಲ್ಲಿ, ನನ್ನ ಕೈಯಿಂದ. ಪಕ್ಕದ ಮನೆಯ ಮಗ್ಗಗಳಿಗೆ ಸುಟ್ಟಿ ಇದ್ದು ಅವುಗಳ ಸದ್ದು ಇಲ್ಲದ ದಿನ ಭಾವ ಬಂದರು. ಅವರು ಬರುವ ಮೊದಲೇ ನಾನು ನಾಲ್ಕೂ ಹಲಗೆಗಳ ಪ್ಲೈವುಡ್ ಮೈಯನ್ನು ಮೈಕಿನ ಕಡೆ ತಿರುಗಿಸಿ ಇಟ್ಟಿದ್ದೆ. ಹೌದು, ಬೇಕೆಂದೇ. ಅವರು ಕಣ್ಣು ಮುಚ್ಚಿ, ಕಿವಿಗೆ ಕೈ ಹಚ್ಚಿ ಒಂದು ಹಾಡು ಪೂರ್ತಿ ಹಾಡಿದರು. ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಆಮೇಲೆ ಒಂದೊಂದಾಗಿ ನಾಲ್ಕೂ ಹಲಗೆ ನೋಡಿದರು. ಮಾಡಿದವರಿಗೆ ತಿಳಿಯದೇ ಇರುತ್ತದೆಯೇ...

"ಇವತ್ತ ನನ್ನ ಆವಾಜ ಬರಾಕತ್ತಿಲ್ಲ ತಮ್ಮಾ. ನೀನ ಹಾಡು. ಅಪ್ಪಾರಿಗಿ ನಾ ಹೇಳ್ತೀನಿ."

ಹಲಗೆಗಳನ್ನು ತಾವೇ ಕಂಬಳಿಯ ಕಡೆ ತಿರುಗಿಸಿ ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ಬೈದಿದ್ದರೆ ಜಗಳವಾಡುತ್ತಿದ್ದೆ. ಅದಕ್ಕೂ ಎಡೆ ಕೊಡಲಿಲ್ಲ. ಇವತ್ತು ನಮ್ಮ ಕಡೆಯವರ ಮೊಬೈಲುಗಳಲ್ಲಿ ಇರುವುದು ನನ್ನ ದನಿ. ಅಪ್ಪ ಅದನ್ನು ಕೇಳಿ ಚಲೋ ಬಂದದ ಅಂದ. ಅಳಿಯ ಯಾಕೆ ಹಾಡಲಿಲ್ಲ ಎಂದೂ ಕೇಳಿದ. ಭಾವ ಮತ್ತೆ ಮೈಕಿನ ಮುಂದೆ ನಿಲ್ಲಲೇ ಇಲ್ಲ. ನಾನೂ ಕರೆಯಲಿಲ್ಲ. ಒಂದು ಮುಂಜಾನೆ ಭಾವ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಳಿತರಂತೆ, ಆಸ್ಪತ್ರೆ ಮುಟ್ಟಲಿಲ್ಲ.

ತೊಯ್ದ ಹಲಗೆಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟ ದಿನವೇ ಅಕ್ಕ ಬಂದಳು. ಅದರ ಹತ್ತಿರ ನಿಂತು ಕಂಬಳಿ ಮುಟ್ಟಿ ನೋಡಿ, "ಅವರ ಆವಾಜ ಏನರ ಅದ ಏನೋ ನಿನ್ನ ಕಡಿ?" ಎಂದು ಕೇಳಿದಳು. ಇಲ್ಲ ಅನ್ನಬಹುದಿತ್ತು. ಆ ಕೆಟ್ಟ ರೆಕಾರ್ಡಿಂಗನ್ನು ನಾನು ಯಾಕೋ ಅಳಿಸಿರಲಿಲ್ಲ. ಕೆಳಗೆ ಕೋಣೆಗೆ ಕರೆದು ಕಂಪ್ಯೂಟರಿನಲ್ಲಿ ಹಚ್ಚಿದೆ. ದನಿ ಗೋಡೆಯಿಂದ ಗೋಡೆಗೆ ಹೊಡೆಯುತ್ತಿತ್ತು, ಒಂದು ಸಾಲು ಮುಗಿಯುವ ಮೊದಲೇ ಅದರ ಗುಂಯ್ ಇನ್ನೊಂದರ ಮೇಲೆ ಬೀಳುತ್ತಿತ್ತು. ನನಗೆ ತಲೆ ಎತ್ತಲು ಆಗಲಿಲ್ಲ.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಥೇಟ ಗುಡಿಯಾಗ ನಿಂತ ಹಾಡಿದಂಗ ಅದ ನೋಡು."

ನಾನು ನನ್ನ ತಪ್ಪು ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಸುಮ್ನಿರು," ಅಂದಳು, "ಮತ್ತೊಮ್ಮಿ ಹಚ್ಚು."

ಭಾವ ಇನ್ನು ಬರುವುದಿಲ್ಲ, ಕ್ಷಮೆ ಕೇಳುವ ದಾರಿಯೂ ಅವರ ಜೊತೆಗೇ ಹೋಯಿತು. ಮತ್ತೊಮ್ಮೆ ಹಚ್ಚಿದೆ. ನನ್ನ ಹಾಡನ್ನು ಅಕ್ಕ ಇಲ್ಲಿಯವರೆಗೆ ಒಮ್ಮೆಯೂ ಮತ್ತೊಮ್ಮೆ ಹಚ್ಚು ಅಂದಿಲ್ಲ.